ಜೈಲಿಂದ ಹೊರಗ ಬಂದವರ ಕೈಯಾಗ ಕೀಲಿಕೈ ಬಂದಾಗ

ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕ 2024ರ ಡಿಸೆಂಬರ್‌ನಾಗ ನೂರು ವರ್ಷ ತುಂಬಿದಾಗ ಊರತುಂಬ ಲೈಟಿಂಗ್ ಹಾಕಿದ್ರು, ಟಿಳಕವಾಡಿ ಕಾಂಗ್ರೆಸ್ ಬಾವಿ ಕಡೆ ಹೋಗಿ ಮಂದಿ ಫೋಟೋ ತಗಸ್ಕೊಂಡ್ರು, ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ ನಮ್ಮೂರಾಗ ಆಗಿದ್ದು ಅಂತ ಎಲ್ಲಾರೂ ಹೆಮ್ಮೆಯಿಂದ ಹೇಳಿದ್ರು. ಹೇಳಬೇಕಾದ ಮಾತೇ ಅದು. ಆದ್ರ ಆ ಕುರ್ಚಿ ಮ್ಯಾಲ ಕೂತವರು ಅದೇ ವರ್ಷದ ಶುರುವಿನಾಗ ಇನ್ನೂ ಯರವಡಾ ಜೈಲಿನ ಕೈದಿ ಆಗಿದ್ರು ಅನ್ನೂದು ಯಾಕೋ ಮಾತಿನಾಗ ಅಷ್ಟು ಬರಲಿಲ್ಲ. 1922ರ ಮಾರ್ಚ್‌ನಾಗ ಅಹ್ಮದಾಬಾದ್‌ನಾಗ ರಾಜದ್ರೋಹದ ಕೇಸ್ ನಡದು 6 ವರ್ಷ ಶಿಕ್ಷೆ ಆಗಿತ್ತು, 1924ರ ಜನವರಿಯೊಳಗ ಪುಣೆ ಸಾಸೂನ್ ಆಸ್ಪತ್ರೆಯಾಗ ಅಪೆಂಡಿಕ್ಸ್ ಆಪರೇಷನ್ ಆತು, ಫೆಬ್ರವರಿ 5ಕ್ಕ ಬಿಟ್ರು, ಡಿಸೆಂಬರ್ 26ಕ್ಕ ಬೆಳಗಾವ್ಯಾಗ ಅಧ್ಯಕ್ಷರು. ಅದಕ್ಕೂ ಎಂಟು ವರ್ಷ ಮೊದಲ, 1916ರ ಏಪ್ರಿಲ್‌ನಾಗ, ಲೋಕಮಾನ್ಯ ತಿಲಕರು ಹೋಮ್ ರೂಲ್ ಲೀಗ್ ಕಟ್ಟಿದ್ದೂ ಇದೇ ಬೆಳಗಾವ್ಯಾಗ, ಅವರೂ ಬರ್ಮಾದ ಮಂಡಾಲೆ ಜೈಲಿನಾಗ ಆರು ವರ್ಷ ಕಳದು 1914ರಾಗ ವಾಪಸ್ ಬಂದಿದ್ದವರು. ಇಬ್ಬರ ಮ್ಯಾಲೂ ಬ್ರಿಟಿಷರು ಹಾಕಿದ ಕಲಂ ಒಂದೇ, ರಾಜದ್ರೋಹದ ಐಪಿಸಿ 124-ಎ.

ಈ ಕಲಂ ನೆನಪಿಟ್ಕೊಂಡು ಮುಂದ ಓದ್ರಿ, ಯಾಕಂದ್ರ ನಾ ಹೇಳಬೇಕಂತಿರೂದು ಇದರ ಸುತ್ತೇ ಐತಿ.

ಈಗ ಜಗತ್ತಿನಾಗ ಜೈಲಿಂದ ಬಂದು ದೇಶ ಆಳಾಕತ್ತವರು ಕಮ್ಮಿ ಏನಿಲ್ಲ. ಮಲೇಷ್ಯಾದ ಅನ್ವರ್ ಇಬ್ರಾಹಿಂ ಎರಡ್ಮೂರು ಸಲ ಒಳಗ ಹೋಗಿ ಬಂದು 2022ರ ನವೆಂಬರ್‌ನಾಗ ಪ್ರಧಾನಿ ಆದ್ರು. ಪಶ್ಚಿಮ ಆಫ್ರಿಕಾದ ಸೆನೆಗಲ್‌ನಾಗ ಬಸಿರು ಜೊಮಾಯ್ ಫಾಯ್ 2024ರ ಮಾರ್ಚ್ 14ಕ್ಕ ಜೈಲಿಂದ ಹೊರಗ ಬಂದ್ರು, ಮಾರ್ಚ್ 24ಕ್ಕ ಮತದಾನ, ಮೊದಲನೇ ಸುತ್ತಿನಾಗ 54 ಪರ್ಸೆಂಟ್ ವೋಟು ತಗೊಂಡು ಗೆದ್ರು, ಏಪ್ರಿಲ್ 2ಕ್ಕ ಪ್ರಮಾಣವಚನ, ಮೂರು ವಾರದಾಗ ಕೈದಿ ಹೋಗಿ ರಾಷ್ಟ್ರಾಧ್ಯಕ್ಷ. ಇಂಥಾ ಸುದ್ದಿ ಬಂದಾಗ ನಮ್ಮ ವಾಟ್ಸಾಪ್ ಗ್ರೂಪ್‌ನ್ಯಾಗ ತಕ್ಷಣ ಮಂಡೇಲಾ ಫೋಟೋ ಬರ್ತೈತಿ, ‘ಕಷ್ಟ ನೋಡಿದವರು ದೇಶ ಬದಲಿ ಮಾಡ್ತಾರ’ ಅಂತ. ನನಗ ಇದು ಅರ್ಧ ಖರೆ ಅನಸ್ತೈತಿ. ಕಷ್ಟ ನೋಡಿದವರೆಲ್ಲಾ ಬದಲಿ ಮಾಡಿಲ್ಲ. ಜಿಂಬಾಬ್ವೆದ ರಾಬರ್ಟ್ ಮುಗಾಬೆನೂ ಹತ್ತು ವರ್ಷ ಒಳಗಿದ್ದವರೇ. ಹಂಗಾದ್ರ ಒಬ್ಬರ ಕೈಯಾಗ ದೇಶ ತಿರುಗಿ ನಿಲ್ಲತೈತಿ, ಇನ್ನೊಬ್ಬರ ಕೈಯಾಗ ಮೊದಲಿಗಿಂತ ಕೆಡತೈತಿ, ಇದು ಯಾಕ? ಭಾಳ ಓದಿ, ಭಾಳ ಮಂದಿ ಜೋಡಿ ಮಾತಾಡಿ ನನಗ ತಿಳದಿದ್ದು ಇಷ್ಟು. ಅವರು ಎಷ್ಟು ವರ್ಷ ಒಳಗಿದ್ರು ಅನ್ನೂದು ಏನೂ ಹೇಳೂದಿಲ್ಲ, ತಮ್ಮನ್ನ ಒಳಗ ಹಾಕಿದ್ದ ಕಾನೂನು ತಮ್ಮ ಕೈಗೆ ಸಿಕ್ಕಾಗ ಅದನ್ನ ಏನ್ ಮಾಡಿದ್ರು ಅನ್ನೂದು ಎಲ್ಲಾನೂ ಹೇಳ್ತೈತಿ.

ಮೊದಲ ಬೆಳಗಾವಿದ್ದ ಮುಗಸ್ತೇನಿ. ಗಾಂಧೀಜಿ ಹೊರಗ ಬಂದಾಗ ಕಾಂಗ್ರೆಸ್ ಎರಡು ಹೋಳಾಗಿತ್ತು, ಚಿತ್ತರಂಜನ್ ದಾಸ್, ಮೋತಿಲಾಲ್ ನೆಹರೂ ಅವರ ಸ್ವರಾಜ್ ಪಾರ್ಟಿಯವರು ಕೌನ್ಸಿಲ್, ಅಂದ್ರ ಬ್ರಿಟಿಷರು ಮಾಡಿದ ಶಾಸನ ಸಭಾ ಒಳಗ ಹೋಗಿ ಹೋರಾಡೂಣು ಅಂತಿದ್ರು, ಗಾಂಧೀಜಿಗೆ ಅದು ಒಪ್ಪಿಗಿ ಇರಲಿಲ್ಲ. ಜೈಲಿಂದ ಬಂದ ನಾಯಕ, ದೇಶತುಂಬ ಹೆಸರು, ಒಂದು ಮಾತು ಅಂದಿದ್ರ ಎದುರಿನವರನ್ನ ಪಾರ್ಟಿಯಿಂದ ತಗದು ಹಾಕಬಹುದಿತ್ತು. ಅವರು ಹಂಗ ಮಾಡಲಿಲ್ಲ. ನವೆಂಬರ್‌ನಾಗ ದಾಸ್ ಮತ್ತ ಮೋತಿಲಾಲರ ಜೋಡಿ ಒಪ್ಪಂದ ಮಾಡ್ಕೊಂಡು, ಅಸಹಕಾರ ಸದ್ಯಕ್ಕ ನಿಲ್ಲಸೂದು, ಕೌನ್ಸಿಲ್ ಕೆಲಸ ಸ್ವರಾಜಿಸ್ಟರಿಗೆ ಬಿಡೂದು ಅಂತ ತಾವೇ ಬಗ್ಗಿದ್ರು, ಬೆಳಗಾವಿ ಅಧಿವೇಶನ ಆ ಒಪ್ಪಂದಕ್ಕ ಒಪ್ಪಿಗಿ ಕೊಟ್ಟಿತು, ಅದರ ಜೋಡಿ ಕಾಂಗ್ರೆಸ್ ಸದಸ್ಯ ಆಗಬೇಕಂದ್ರ ತಿಂಗಳಿಗೆ 2,000 ಗಜ ನೂಲು ಕೊಡಬೇಕು ಅನ್ನೂ ಷರತ್ತೂ ಬಂತು. ಗಂಗಾಧರರಾವ್ ದೇಶಪಾಂಡೆ ಅವರು ಅಷ್ಟು ದೊಡ್ಡ ವ್ಯವಸ್ಥಾ ಮಾಡಿದ್ದು, ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಅಲ್ಲೇ ಹಾಡಿದ್ದು, ಇದೆಲ್ಲಾ ನಮಗ ಗೊತ್ತೈತಿ. ಆದ್ರ ಜೈಲಿನ ತೂಕ ಎದುರಿನವರ ತಲಿ ಮ್ಯಾಲ ಹಾಕಲಾರದ್ದ ಆ ತೀರ್ಮಾನ ಐತೆಲ್ಲ, ಅದರ ಬಗ್ಗೆ ಶತಮಾನೋತ್ಸವದಾಗ ಇನ್ನೂ ಹೆಚ್ಚು ಮಾತು ಆಗಬೇಕಿತ್ತು.

ನಮ್ಮ ಭಾಗಕ್ಕ ರಾಜಕೀಯ ಸೆರೆ ಹೊಸದಲ್ಲ. ಕಿತ್ತೂರ ಚೆನ್ನಮ್ಮ ಬೈಲಹೊಂಗಲ ಕ್ವಾಟಿಯೊಳಗ ಸೆರೆಯಾಳಾಗೇ 1829ರಾಗ ತೀರಿಕೊಂಡ್ಳು, ರಾಯಣ್ಣನ್ನ 1831ರಾಗ ನಂದಗಡದಾಗ ಗಲ್ಲಿಗೆ ಹಾಕಿದ್ರು. ಅವರಿಗೆ ಹೊರಗ ಬಂದು ಆಳೂ ಪಾಳಿ ಬರಲೇ ಇಲ್ಲ. ಬಂದವರನ್ನ ನಾವು ಗಟ್ಟಿಯಾಗಿ ಪ್ರಶ್ನೆ ಕೇಳಬೇಕು ಅಂತ ನಾ ಹೇಳೂದಕ್ಕ ಇದೂ ಒಂದು ಕಾರಣ.

ಈಗ ಮಂಡೇಲಾ. 27 ವರ್ಷ ಜೈಲು, ಅದರಾಗ 18 ವರ್ಷ ರಾಬೆನ್ ದ್ವೀಪದಾಗ, 1990ರ ಫೆಬ್ರವರಿ 11ಕ್ಕ ಬಿಡುಗಡೆ, 1994ರಾಗ ಅಧ್ಯಕ್ಷ. ಇಷ್ಟು ಎಲ್ಲಾರಿಗೂ ಗೊತ್ತು, ಮತ್ತ ‘ಕ್ಷಮಿಸಿದ್ರು’ ಅನ್ನೂದೂ ಗೊತ್ತು, ಮಾತು ಅಲ್ಲಿಗೇ ನಿಲ್ಲತೈತಿ. ಕ್ಷಮಾ ದೊಡ್ಡದೇ, ಆದ್ರ ಮನಸಿನ ಕ್ಷಮಾದಿಂದ ದೇಶ ಬದಲಿ ಆಗೂದಿಲ್ಲ. ದಕ್ಷಿಣ ಆಫ್ರಿಕಾದ ಬಿಳಿಯರ ಸರ್ಕಾರ 1963ರಾಗ ಒಂದು ಕಾನೂನು ತಂದಿತ್ತು, ಕೋರ್ಟಿಗೆ ತೋರಸಲಾರದ 90 ದಿವಸ ಯಾರನ್ನ ಬೇಕಾದ್ರೂ ಒಳಗ ಇಡಬಹುದು ಅಂತ, 1965ರಾಗ ಅದು 180 ದಿವಸ ಆತು, 1967ರ ಟೆರರಿಸಂ ಕಾಯ್ದೆ ಬಂದಮ್ಯಾಲ ದಿವಸದ ಲೆಕ್ಕಾನೇ ಉಳೀಲಿಲ್ಲ. ಅದೇ ಕಾಯ್ದೆ ಕೆಳಗ ಹಿಡದಿಟ್ಟ ಸ್ಟೀವ್ ಬಿಕೋ ಪೊಲೀಸರ ಹೊಡೆತಕ್ಕ 1977ರ ಸೆಪ್ಟೆಂಬರ್ 12ಕ್ಕ ಸತ್ರು. ಹಂಗಾಗಿ 1996ರ ಸಂವಿಧಾನ ಬರಿಯೂವಾಗ ಅವರು 12ನೇ ಕಲಂದಾಗ ಸ್ಪಷ್ಟ ಬರದ್ರು, ವಿಚಾರಣಾ ಇಲ್ಲದ ಯಾರನ್ನೂ ಬಂಧನದಾಗ ಇಡೂಹಂಗಿಲ್ಲ. ಚಿತ್ರಹಿಂಸಾ ಕೊಡೂಹಂಗಿಲ್ಲ ಅನ್ನೂದೂ ಅದೇ ಕಲಂದಾಗ ಬಂತು. ತಾವು ಅನುಭವಿಸಿದ್ದನ್ನ ಮುಂದ ಯಾರಿಗೂ ಮಾಡಾಕ ಬರಬಾರದು, ತಮ್ಮ ಪಾರ್ಟಿಗೂ ಬರಬಾರದು, ಅಂತ ಕಾನೂನಿನಾಗ ಕಟ್ಟಿ ಹಾಕಿದ್ದು.

ಇದರಾಗ ನನಗ ಎಲ್ಲಕ್ಕಿಂತ ಹಿಡಸಿದ ಘಟನಾ 1995ರ ಸೆಪ್ಟೆಂಬರ್‌ದು, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೇನಿ. ಸ್ಥಳೀಯ ಸಂಸ್ಥೆ ಚುನಾವಣೆ ಸಲುವಾಗಿ ಇದ್ದ ಒಂದು ಕಾಯ್ದೆನ ತಾವೇ ಆದೇಶ ಹೊರಡಿಸಿ ತಿದ್ದಬಹುದು ಅಂತ ಪಾರ್ಲಿಮೆಂಟು ಮಂಡೇಲಾ ಅವರಿಗೆ ಅಧಿಕಾರ ಕೊಟ್ಟಿತ್ತು, ಅವರು ತಿದ್ದಿದ್ರು. ವೆಸ್ಟರ್ನ್ ಕೇಪ್ ಪ್ರಾಂತ್ಯದಾಗ ಆವಾಗ ಆಳ್ತಿದ್ದದ್ದು ಹಳೇ ವರ್ಣಭೇದದ ನ್ಯಾಷನಲ್ ಪಾರ್ಟಿ, ಅವರು ಕೋರ್ಟಿಗೆ ಹೋದ್ರು. ಸಂವಿಧಾನ ಕೋರ್ಟಿನ ಮುಖ್ಯಸ್ಥರಾಗಿದ್ದ ಆರ್ಥರ್ ಚಾಸ್ಕಲ್ಸನ್ ಯಾರಂದ್ರ, ಮಂಡೇಲಾಗೆ ಜೀವಾವಧಿ ಶಿಕ್ಷೆ ಆದ 1964ರ ರಿವೋನಿಯಾ ಕೇಸಿನಾಗ ಅವರ ಪರ ನಿಂತ ವಕೀಲರ ತಂಡದವರು, ಈ ಹುದ್ದೆಗೆ ಅವರನ್ನ ನೇಮಿಸಿದ್ದೂ ಮಂಡೇಲಾನೇ. ಅಂಥಾ ಕೋರ್ಟು ಮಂಡೇಲಾ ವಿರುದ್ಧ ತೀರ್ಪು ಕೊಟ್ಟಿತು, ಕಾನೂನು ಮಾಡೂ ಅಧಿಕಾರ ಪಾರ್ಲಿಮೆಂಟು ಹಿಂಗ ಒಬ್ಬರ ಕೈಯಾಗ ಕೊಡಾಕ ಬರೂದಿಲ್ಲ ಅಂತ. ಜಗತ್ತೆಲ್ಲಾ ಪೂಜೆ ಮಾಡ್ತಿದ್ದ ಮನುಷ್ಯಾ, ಎದುರಿಗೆ ಇದ್ದವರು ತಮ್ಮನ್ನ ಜೈಲಿಗೆ ಹಾಕಿದ ಪಾರ್ಟಿ. ಮಂಡೇಲಾ ಬಹಿರಂಗವಾಗಿ ಹೇಳಿದ್ರು, ಕೋರ್ಟ್ ಹೇಳಿದ್ದಕ್ಕ ನಾ ಬದ್ಧ ಅಂತ. ಅವತ್ತು ಆ ದೇಶದ ಜನಕ್ಕ ತಿಳೀತು, ಕಾನೂನಿನ ಮುಂದ ಅಧ್ಯಕ್ಷರೂ ಎಲ್ಲಾರಹಂಗ ಅಂತ. ಮುಂದ ಆ ಸಂವಿಧಾನ ಕೋರ್ಟಿನ ಕಟ್ಟಡ ಎಲ್ಲಿ ಕಟ್ಟಿದ್ರು ಗೊತ್ತೇನ್ರಿ? ಜೋಹಾನ್ಸ್‌ಬರ್ಗ್‌ನ ಓಲ್ಡ್ ಫೋರ್ಟ್ ಜೈಲಿನ ಜಾಗಾದಾಗ, ವಿಚಾರಣಾಧೀನ ಕೈದಿಗಳನ್ನ ಇಡ್ತಿದ್ದ ಬ್ಲಾಕ್ ಕೆಡವಿ ಅದರ ಇಟ್ಟಂಗಿನೇ ಕೋರ್ಟಿಗೆ ಬಳಸಿದ್ರು, 2004ರಾಗ ಉದ್ಘಾಟನೆ ಆತು. ಆ ಜೈಲಿನಾಗ 1908ರಾಗ ಗಾಂಧೀಜಿ ಇದ್ರು, 1962ರಾಗ ಮಂಡೇಲಾ ಇದ್ರು.

ಮತ್ತ ಐದು ವರ್ಷಕ್ಕ ಕುರ್ಚಿ ಬಿಟ್ರು, 1999ರಾಗ. ಇನ್ನೊಂದು ಸಲ ನಿಂತಿದ್ರ ಸೋಲಸವ್ರು ಯಾರೂ ಇರಲಿಲ್ಲ.

ಮಂಡೇಲಾ ಎಲ್ಲಾ ಸರಿ ಮಾಡಿದ್ರು ಅಂತ ನಾ ಹೇಳಾಕತ್ತಿಲ್ಲ. ಭೂಮಿ ಹೆಚ್ಚಿಗಿ ಬಿಳಿಯರ ಕೈಯಾಗೇ ಉಳೀತು, ಆ ದೇಶದಾಗ ಬಡವ ಶ್ರೀಮಂತರ ಅಂತರ ಇವತ್ತೂ ಜಗತ್ತಿನಾಗೇ ಅತಿ ದೊಡ್ಡದು, ನಿರುದ್ಯೋಗ ಭಯಂಕರ ಐತಿ, ಅವರ ಪಾರ್ಟಿ ಮುಂದ ಭ್ರಷ್ಟಾಚಾರದಾಗ ಮುಳುಗಿತು. ವರ್ಣಭೇದ ಕಾಲದ ಅಪರಾಧ ವಿಚಾರಿಸಿದ ಸತ್ಯ ಮತ್ತು ಸಾಮರಸ್ಯ ಆಯೋಗಕ್ಕ ಕ್ಷಮಾ ಕೇಳಿ ಏಳು ಸಾವಿರಕ್ಕೂ ಹೆಚ್ಚು ಅರ್ಜಿ ಬಂದ್ರ ಸಿಕ್ಕಿದ್ದು ಸ್ವಲ್ಪ ಮಂದಿಗೆ, ಉಳಿದವರ ಮ್ಯಾಲ ಕೇಸ್ ನಡೀಬೇಕಿತ್ತು, ಹೆಚ್ಚಿನವು ನಡೀಲೇ ಇಲ್ಲ, ಸತ್ತವರ ಮನಿಯವರು ಇವತ್ತಿಗೂ ಕೇಳಾಕತ್ತಾರ. ಆದ್ರ ಅಧಿಕಾರ ಕಳಕೊಂಡ್ರ ಬಿಟ್ಟು ಹೋಗಬೇಕು, ಕೋರ್ಟು ಅಂದ್ರ ಕೇಳಬೇಕು ಅನ್ನೂ ಪದ್ಧತಿ ಉಳೀತು. 2021ರಾಗ ಅದೇ ಸಂವಿಧಾನ ಕೋರ್ಟು ಮಾಜಿ ಅಧ್ಯಕ್ಷ ಜೇಕಬ್ ಝೂಮಾ ಅವರನ್ನ ನ್ಯಾಯಾಂಗ ನಿಂದನೆಗೆ ಜೈಲಿಗೆ ಕಳಿಸಿತು, ಝೂಮಾನೂ ರಾಬೆನ್ ದ್ವೀಪದಾಗ ಹತ್ತು ವರ್ಷ ಇದ್ದವರು. ದೇಶ ಬದಲಿ ಆಗೂದು ಅಂದ್ರ ನನ್ನ ಲೆಕ್ಕದಾಗ ಇದು.

ಬಾಜೂದ ಜಿಂಬಾಬ್ವೆ ನೋಡ್ರಿ. ಮುಗಾಬೆ 1964ರಿಂದ 1974ರ ತನಕ ಒಳಗಿದ್ರು, ಒಳಗ ಕೂತೇ ಡಿಗ್ರಿ ಮ್ಯಾಲ ಡಿಗ್ರಿ ತಗೊಂಡ್ರು, 1980ರಾಗ ಪ್ರಧಾನಿ ಆದಾಗ ಬಿಳಿಯರಿಗೂ ಧೈರ್ಯ ಹೇಳೂ ಭಾಷಣ ಮಾಡಿದ್ರು, ಜಗತ್ತು ಹೊಗಳಿತು. ಆದ್ರ ಇಯಾನ್ ಸ್ಮಿತ್ ಅನ್ನೂ ಬಿಳಿಯ ನಾಯಕ 1965ರಾಗ ಹೇರಿದ್ದ ತುರ್ತು ಪರಿಸ್ಥಿತಿ ಐತೆಲ್ಲ, ಅದನ್ನ ಮುಗಾಬೆ ತಗೀಲೇ ಇಲ್ಲ, ಮತ್ತ ಮತ್ತ ರಿನ್ಯೂ ಮಾಡ್ಕೋಂತ 1990ರ ತನಕ ನಡಸಿದ್ರು. ಅದರ ಕೆಳಗ ಯಾರನ್ನ ಹಿಡದ್ರು? ಸ್ವಾತಂತ್ರ್ಯ ಹೋರಾಟದಾಗ ಇನ್ನೊಂದು ಬಣದಾಗ ಬಂದೂಕು ಹಿಡದ ಡುಮಿಸೊ ದಬೆಂಗ್ವಾ, ಲುಕ್‌ಔಟ್ ಮಸುಕು ಅಂಥವರನ್ನ. ಕೋರ್ಟು 1983ರಾಗ ಇವರು ನಿರ್ದೋಷಿ ಅಂತ ಬಿಟ್ಟಿತು, ಬಿಟ್ಟ ಕೂಡಲೇ ತುರ್ತು ಅಧಿಕಾರದಾಗ ಹೊಳ್ಳಿ ಹಿಡದು ವರ್ಷಗಟ್ಟಲೆ ಇಟ್ರು. ಮಾಟಬೆಲೆಲ್ಯಾಂಡ್ ಅನ್ನೂ ಭಾಗದಾಗ ಸೈನ್ಯ ಸಾವಿರಾರು ಮಂದಿನ್ನ ಕೊಂದಿದ್ದೂ ಆವಾಗೇ. 37 ವರ್ಷ ಆಳಿ 2017ರಾಗ ಸೈನ್ಯ ತಳ್ಳಿದಾಗ ಇಳದ್ರು. ಮುಗಾಬೆ ಆಮ್ಯಾಲ ಕೆಟ್ರು ಅಂತ ಭಾಳ ಮಂದಿ ಹೇಳ್ತಾರ, ನನಗ ಹಂಗ ಅನಸೂದಿಲ್ಲ, ಮೊದಲನೇ ವರ್ಷನೇ ಆ ತುರ್ತು ಪರಿಸ್ಥಿತಿ ಕಾಗದಕ್ಕ ಸಹಿ ಬಿದ್ದಾಗೇ ದಾರಿ ಗೊತ್ತಾಗಿತ್ತು.

ಮ್ಯಾನ್ಮಾರ್, ಅಂದ್ರ ಹಳೇ ಬರ್ಮಾದ ಆಂಗ್ ಸಾನ್ ಸೂ ಚಿ ಕಥಿ ಇವೆರಡಕ್ಕಿಂತ ತೊಡಕು, ಹಂಗಾಗೇ ಹೆಚ್ಚು ಕಲಿಸ್ತೈತಿ. 1989ರಿಂದ 2010ರ ನಡುವ 15 ವರ್ಷ ಗೃಹಬಂಧನ, 2015ರಾಗ ಭಾರಿ ಬಹುಮತ, 2016ರಾಗ ಸರ್ಕಾರ. ಅವರ ಕೈ ಕಟ್ಟಿತ್ತು ಅನ್ನೂದು ಖರೆ, ಸೈನ್ಯ ಬರದ 2008ರ ಸಂವಿಧಾನದ ಪ್ರಕಾರ ಪಾರ್ಲಿಮೆಂಟಿನಾಗ 25 ಪರ್ಸೆಂಟ್ ಸೀಟು ಸೈನ್ಯಕ್ಕ, ಗೃಹ, ರಕ್ಷಣಾ, ಗಡಿ ಖಾತೆ ಮೂರೂ ಸೈನ್ಯದ ಕೈಯಾಗ. ಆದ್ರೂ ಸಾದಾ ಕಾಯ್ದೆ ಬದಲಿ ಮಾಡೂವಷ್ಟು ಬಹುಮತ ಇತ್ತು, ಮಾಡಿದ್ರೂ ಖರೆ, ತಮ್ಮನ್ನ ಮನ್ಯಾಗ ಕೂಡಿ ಹಾಕಾಕ ಬಳಸಿದ್ದ 1975ರ ಕಾಯ್ದೆನ 2016ರಾಗೇ ರದ್ದು ಮಾಡಿದ್ರು. ಅದಕ್ಕ ಅವರಿಗೆ ಮಾನ್ಯತಾ ಕೊಡಬೇಕು. ಆದ್ರ ಬ್ರಿಟಿಷರ ಕಾಲದ, ಸರ್ಕಾರಿ ಗುಟ್ಟು ಕಾಪಾಡೂ 1923ರ ಅಫಿಶಿಯಲ್ ಸೀಕ್ರೆಟ್ಸ್ ಕಾಯ್ದೆ ಹಂಗೇ ಬಿಟ್ರು. ರೋಹಿಂಗ್ಯಾ ಗಂಡಸರು ಹತ್ತು ಮಂದಿನ್ನ ಇನ್ ದಿನ್ ಅನ್ನೂ ಊರಾಗ ಕೊಂದು ಹೂಳಿದ ಸುದ್ದಿ ಬೆನ್ನ ಹತ್ತಿದ್ದ ರಾಯ್ಟರ್ಸ್‌ನ ಇಬ್ಬರು ವರದಿಗಾರರಿಗೆ ಅದೇ ಕಾಯ್ದೆ ಕೆಳಗ 2018ರಾಗ 7 ವರ್ಷ ಶಿಕ್ಷೆ ಆದಾಗ ಸೂ ಚಿ ಆ ಶಿಕ್ಷೆನ ಸಮರ್ಥಿಸಿದ್ರು. ಮುಂದಿನ ವರ್ಷ ಅಂತರರಾಷ್ಟ್ರೀಯ ನ್ಯಾಯಾಲಯದಾಗ ಸೈನ್ಯದ ಪರ ಎದ್ದು ನಿಂತ್ರು. 2021ರ ಫೆಬ್ರವರಿ 1ಕ್ಕ ಅದೇ ಸೈನ್ಯ ಅವರನ್ನ ಹಿಡದು ಒಳಗ ಹಾಕಿತು, ಮತ್ತ 2022ರ ಸೆಪ್ಟೆಂಬರ್‌ನಾಗ ಅವರಿಗೆ ಬಿದ್ದ ಶಿಕ್ಷೆಗಳಾಗ ಒಂದು ಯಾವ ಕಾಯ್ದೆ ಕೆಳಗ ಅಂದ್ರ ಅದೇ ಅಫಿಶಿಯಲ್ ಸೀಕ್ರೆಟ್ಸ್ ಕಾಯ್ದೆ. ಇದನ್ನ ಬರಿಯೂವಾಗ ನನಗ ಖುಷಿ ಆಗೂದಿಲ್ಲ, ಸಂಕಟ ಆಗತೈತಿ, ಆ ವಯಸ್ಸಿನಾಗ ಮತ್ತ ಬಂಧನ ಯಾರಿಗೂ ಬರಬಾರದು. ಆದ್ರ ತಮ್ಮ ಮ್ಯಾಲ ಬಳಸಿದ ಕಾಯ್ದೆ ಒಂದನ್ನ ತಗದು, ಇನ್ನೊಬ್ಬರ ಮ್ಯಾಲ ಬಳಸೂ ಕಾಯ್ದೆ ಬಿಟ್ರ ಏನಾಗತೈತಿ ಅನ್ನೂದಕ್ಕ ಇದಕ್ಕಿಂತ ಬ್ಯಾರೆ ಸಾಕ್ಷಿ ಬೇಡ.

ಇದರ ನಡುವ ಎಲ್ಲೋ ನಿಲ್ಲವರು ದಕ್ಷಿಣ ಕೊರಿಯಾದ ಕಿಮ್ ಡೇ ಜಂಗ್. 1973ರಾಗ ಟೋಕಿಯೋದಾಗ ಇದ್ದವರನ್ನ ಅವರದ್ದೇ ದೇಶದ ಗುಪ್ತಚರ ಸಂಸ್ಥೆ ಕಿಡ್ನ್ಯಾಪ್ ಮಾಡಿತ್ತು, 1980ರಾಗ ಮರಣದಂಡನೆ ವಿಧಿಸಿದ್ರು, ಆಮ್ಯಾಲ ಅದು ಇಳೀತು. 1998ರಾಗ ಅಧ್ಯಕ್ಷರಾದಾಗ ದೇಶ ದಿವಾಳಿ ಅಂಚಿಗೆ ಬಂದಿತ್ತು, ಸಾಲ ತೀರಸಾಕ ಲಕ್ಷಗಟ್ಟಲೆ ಮಂದಿ ಮನ್ಯಾಗಿನ ಬಂಗಾರ ತಂದು ಕೊಟ್ರು, ಮದುವಿ ಉಂಗುರ ಸೈತ. ಪ್ರಧಾನಿ ಮಾಡಿದ್ದು ಯಾರನ್ನ? ಕಿಮ್ ಜಾಂಗ್ ಪಿಲ್ ಅವರನ್ನ, ಆ ಗುಪ್ತಚರ ಸಂಸ್ಥೆ 1961ರಾಗ ಹುಟ್ಟುಹಾಕಿದವರೇ ಅವರು. ಗಲ್ಲು ನೋಡಿ ಬಂದವರು ಅಧ್ಯಕ್ಷರಾದಮ್ಯಾಲ ಒಬ್ಬರನ್ನೂ ಗಲ್ಲಿಗೆ ಹಾಕಲಿಲ್ಲ, 1997ರ ಡಿಸೆಂಬರ್ ಆದಮ್ಯಾಲ ಆ ದೇಶದಾಗ ಇವತ್ತಿನ ತನಕ ಒಂದೂ ಗಲ್ಲು ಆಗಿಲ್ಲ. 2001ರಾಗ ಮಾನವ ಹಕ್ಕುಗಳ ಆಯೋಗ ಆತು. ಆದ್ರ ತಮ್ಮನ್ನ ಸಿಗಿಸಾಕ ಬಳಸಿದ್ದ 1948ರ ರಾಷ್ಟ್ರೀಯ ಭದ್ರತಾ ಕಾಯ್ದೆ ರದ್ದು ಮಾಡಾಕ ಅವರ ಕೈಲಾಗಲಿಲ್ಲ, ಪಾರ್ಲಿಮೆಂಟಿನಾಗ ಬಹುಮತ ಇರಲಿಲ್ಲ. ಅದು ಇವತ್ತೂ ಐತಿ.

ಇಷ್ಟೆಲ್ಲಾ ಹೊರಗಿನ ದೇಶದ್ದು ಹೇಳಿ ನಮ್ಮದು ಬಿಟ್ರ ಅದು ಪ್ರಾಮಾಣಿಕತೆ ಆಗೂದಿಲ್ಲ.

ನಮ್ಮ ಸಂವಿಧಾನ ಸಭಾದಾಗ ಜೈಲು ಕಂಡವರು ಎಷ್ಟೋ ಮಂದಿ ಇದ್ರು, ನೆಹರೂ ಅವರೊಬ್ಬರೇ ಎಲ್ಲಾ ಕೂಡಿ ಸುಮಾರು ಒಂಬತ್ತು ವರ್ಷ ಒಳಗಿದ್ದವರು. ಆದ್ರೂ 22ನೇ ವಿಧಿಯೊಳಗ ಮುಂಜಾಗ್ರತಾ ಬಂಧನಕ್ಕ ಜಾಗಾ ಇಟ್ರು, ಅಂದ್ರ ಅಪರಾಧ ಮಾಡಲಾರದಿದ್ರೂ ಮುಂದ ಮಾಡಬಹುದು ಅಂತ ಹಿಡದಿಡೂದು. ಮಹಾವೀರ ತ್ಯಾಗಿ ಅನ್ನೂ ಸದಸ್ಯರು, ತಾವೂ ಜೈಲಿಗೆ ಹೋಗಿ ಬಂದವರು, ಕರಡು ಮಾಡಿದವರು ಜೈಲಿನ ಅನುಭವ ಇದ್ದವರಾಗಿದ್ರ ಹಿಂಗ ಬರೀತಿರಲಿಲ್ಲ ಅನ್ನೂ ಅರ್ಥದಾಗ ಸಿಟ್ಟಿನಿಂದ ವಾದ ಮಾಡಿದ್ರು. ಗಣರಾಜ್ಯ ಆಗಿ ಒಂದು ತಿಂಗಳಿನಾಗ, 1950ರ ಫೆಬ್ರವರಿಯೊಳಗ, ಮುಂಜಾಗ್ರತಾ ಬಂಧನ ಕಾಯ್ದೆ ಬಂತು, 1969ರ ಕೊನಿ ತನಕ ನಡೀತು, 1971ರಾಗ ಮೀಸಾ ಅನ್ನೂ ಆಂತರಿಕ ಭದ್ರತಾ ಕಾಯ್ದೆ ಬಂತು. ಮೀಸಾ ತಂದ ಇಂದಿರಾ ಗಾಂಧಿಯವರೂ 1942-43ರಾಗ ನೈನಿ ಜೈಲಿನಾಗ ಇದ್ದವರು. ದೇಶ ಒಡದಿತ್ತು, ದಂಗೆ ಇದ್ದವು, ತೆಲಂಗಾಣದಾಗ ಬಂದೂಕಿನ ಹೋರಾಟ ಇತ್ತು, ಹೌದು. ಆದ್ರ ಬ್ರಿಟಿಷರೂ ಪ್ರತಿ ಸಲ ಇಂಥಾದ್ದೇ ಕಾರಣ ಹೇಳ್ತಿದ್ರು.

ಜಮಖಂಡಿ ಕಡೆ ನಮ್ಮ ಸಂಬಂಧಿಕರೊಬ್ಬರು ಕಾಕಾ ಅದಾರ, ತುರ್ತು ಪರಿಸ್ಥಿತಿಯಾಗ ಹುಡುಗ ವಯಸ್ಸಿನಾಗ ಒಳಗ ಹೋಗಿ ಬಂದವರು. ಹ್ವಾದ ವರ್ಷ ಕಬ್ಬಿನ ಹೊಲದ ಬದುವಿನ ಮ್ಯಾಲ ಕೂತು ಮಾತಾಡೂವಾಗ ಕೇಳಿದೆ, ‘ಕಾಕಾ, ಒಳಗ ಏನ್ ಮಾತಾಡ್ತಿದ್ರಿ ನೀವೆಲ್ಲಾ?’ ಕಾಕಾ ಅಂದ್ರು, ‘ತಮ್ಮಾ, ಸಂಘದವ್ರು, ಸಮಾಜವಾದಿಗೋಳು, ಕಮ್ಯುನಿಸ್ಟರು, ಒಬ್ಬರ ಮಾತು ಒಬ್ಬರಿಗೆ ಆಗ್ತಿರಲಿಲ್ಲ, ಆದ್ರ ಒಂದರಾಗ ಎಲ್ಲಾರೂ ಒಂದ, ಹೊರಗ ಹೋದಮ್ಯಾಲ ಈ ಕಾಯ್ದೆ ಕಿತ್ತ ಒಗೀಬೇಕು ಅಂತ.’ ‘ಒಗದ್ರಲ್ಲರಿ ಕಾಕಾ, ಜನತಾ ಸರ್ಕಾರ ಮೀಸಾ ರದ್ದು ಮಾಡಿತಲ್ಲ?’ ಅಂದೆ. ಸ್ವಲ್ಪ ಹೊತ್ತು ಕಬ್ಬಿನ ರವದಿ ಕೈಯಾಗ ಹರಕೋಂತ ಕೂತ್ರು, ಆಮ್ಯಾಲ ಅಂದ್ರು, ‘ಒಗದ್ರಪಾ, ಕರಿಕಿ ಕಿತ್ತಂಗ ಒಗದ್ರು, ಬೇರು ನೆಲದಾಗೇ ಇತ್ತು.’

ಕಾಕಾ ಹೇಳಿದ ಬೇರು ಅಂದ್ರ ಅದೇ 22ನೇ ವಿಧಿ. ತುರ್ತು ಪರಿಸ್ಥಿತಿಯಾಗ ಒಂದ್ ಲಕ್ಷಕ್ಕೂ ಹೆಚ್ಚು ಮಂದಿನ್ನ ಹಿಡದಿದ್ರು, ಅವರಾಗ ಇದ್ದವರೇ 1977ರಾಗ ಸರ್ಕಾರ ಮಾಡಿದ್ರು, ಮೊರಾರ್ಜಿ ದೇಸಾಯಿ 19 ತಿಂಗಳ ಬಂಧನದಿಂದ ಬಂದು ಪ್ರಧಾನಿ ಆದ್ರು. ಅವರು ಮಾಡಿದ್ದು ಸಣ್ಣ ಕೆಲಸ ಅಲ್ಲ. 1978ರ 44ನೇ ತಿದ್ದುಪಡಿ ಇಲ್ಲದಿದ್ರ ‘ಆಂತರಿಕ ಗಲಭೆ’ ಅಂತ ಹೇಳಿ ಇವತ್ತೂ ತುರ್ತು ಪರಿಸ್ಥಿತಿ ಹೇರಬಹುದಿತ್ತು, ಈಗ ಯುದ್ಧ, ಹೊರಗಿನ ದಾಳಿ ಇಲ್ಲಾ ಶಸ್ತ್ರ ಹಿಡದ ದಂಗೆ ಇದ್ರ ಮಾತ್ರ. ಜೀವದ ಹಕ್ಕು, 21ನೇ ವಿಧಿ, ತುರ್ತು ಪರಿಸ್ಥಿತಿಯಾಗೂ ಅಮಾನತು ಮಾಡಾಕ ಬರೂದಿಲ್ಲ. ಇದು ಜೈಲಿಂದ ಬಂದವರು ಈ ದೇಶಕ್ಕ ಕೊಟ್ಟ ದೊಡ್ಡ ರಕ್ಷಣೆ, ನಾವು ಅದನ್ನ ಸಾಲಿಯೊಳಗ ಸೈತ ನೆಟ್ಟಗ ಹೇಳಿಕೊಡೂದಿಲ್ಲ. ಅದೇ ತಿದ್ದುಪಡಿಯೊಳಗ ಇನ್ನೊಂದು ಭಾಗ ಇತ್ತು, ಮುಂಜಾಗ್ರತಾ ಬಂಧನದಾಗ ಸಲಹಾ ಮಂಡಳಿ ಮುಂದ ಹೋಗಲಾರದ ಇಡೂ ಅವಧಿ ಮೂರು ತಿಂಗಳಿಂದ ಎರಡಕ್ಕ ಇಳಸೂದು, ಮಂಡಳಿ ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿ ಶಿಫಾರಸ್ಸಿನ ಪ್ರಕಾರ ಮಾಡೂದು ಅಂತ. ಪಾರ್ಲಿಮೆಂಟು ಪಾಸ್ ಮಾಡಿತು, ರಾಷ್ಟ್ರಪತಿ ಸಹಿ ಬಿತ್ತು, ಆದ್ರ ಆ ಭಾಗ ಜಾರಿಗೆ ಬರಬೇಕಂದ್ರ ಸರ್ಕಾರ ನೋಟಿಫಿಕೇಶನ್ ಹೊರಡಿಸಬೇಕಿತ್ತು, ಅದು ಇವತ್ತಿನ ತನಕ ಆಗಿಲ್ಲ. ಆವಾಗಿಂದ ದಿಲ್ಲಿಯಾಗ ಎಷ್ಟು ಪಾರ್ಟಿ ಬಂದು ಹೋದವು ಲೆಕ್ಕ ಹಾಕ್ರಿ, ಅದರಾಗ ತುರ್ತು ಪರಿಸ್ಥಿತಿಯಾಗ ಜೈಲಿಗೆ ಹೋದವರು ಪ್ರಧಾನಿ, ಗೃಹಮಂತ್ರಿ ಎಲ್ಲಾ ಆದ್ರು, ಒಂದು ನೋಟಿಫಿಕೇಶನ್ ಆಗಲಿಲ್ಲ. 1980ರಾಗ ಎನ್‌ಎಸ್‌ಎ, ಅಂದ್ರ ನಮ್ಮ ರಾಷ್ಟ್ರೀಯ ಭದ್ರತಾ ಕಾಯ್ದೆ ಬಂತು, ಈಗಲೂ ನಡದೈತಿ.

ಕರ್ನಾಟಕದಾಗ ಒಳ್ಳೇ ಉದಾಹರಣಿನೂ ಅದಾವ. ತುರ್ತು ಪರಿಸ್ಥಿತಿಯಾಗ ಬೆಂಗಳೂರು ಜೈಲಿನಾಗ ಇದ್ದ ರಾಮಕೃಷ್ಣ ಹೆಗಡೆ 1983ರಾಗ ಮುಖ್ಯಮಂತ್ರಿ ಆಗಿ, ನಜೀರ್ ಸಾಬ್ ಅವರ ಕೈಯಾಗ ಪಂಚಾಯತ್ ರಾಜ್ ಕೊಟ್ಟು, 1987ರಾಗ ಜಿಲ್ಲಾ ಪರಿಷತ್ ಚುನಾವಣೆ ಮಾಡಿಸಿದ್ರು, ಹೆಣ್ಣಮಕ್ಕಳಿಗೆ 25 ಪರ್ಸೆಂಟ್ ಮೀಸಲಾತಿ ಸಮೇತ, ದೇಶಕ್ಕ 73ನೇ ತಿದ್ದುಪಡಿ ಬರೂದಕ್ಕಿಂತ ಎಷ್ಟೋ ಮೊದಲ. ಅದೇ ಹೆಗಡೆಯವರು 1991ರಾಗ ನಮ್ಮ ಬಾಗಲಕೋಟಿಯಿಂದ ಲೋಕಸಭೆಗೆ ನಿಂತು ಸೋತಿದ್ದು ಹಳಬರಿಗೆ ನೆನಪಿರಬಹುದು. ಬಾಗಲಕೋಟಿ ವಿಜಾಪುರದಿಂದ ಬ್ಯಾರೆ ಜಿಲ್ಲಾ ಆಗಿದ್ದು 1997ರಾಗ ಜೆ.ಎಚ್. ಪಟೇಲರ ಕಾಲಕ್ಕ, ಅವರೂ ತುರ್ತು ಪರಿಸ್ಥಿತಿಯಾಗ ಒಳಗಿದ್ದವರು. ರೇಷನ್ ಕಾರ್ಡ್, ಉತಾರಿ ಕೆಲಸಕ್ಕ ವಿಜಾಪುರ ತನಕ ಬಸ್ಸಿನಾಗ ಹೋಗೂದು ತಪ್ಪಿತು ಅಂತ ನಮ್ಮ ಕಡೆ ಹಿರ್ಯಾರು ಇವತ್ತೂ ಹೇಳ್ತಾರ. ಅಧಿಕಾರ ಕೆಳಗ ಬಿಟ್ಟುಕೊಟ್ಟಿದ್ದು ಅಂತ ನಾ ಇದನ್ನ ಲೆಕ್ಕಕ್ಕ ತಗೋತೇನಿ.

ಹಂಗಾದ್ರ ಉಳಿದವರು ಯಾಕ ಕಾಯ್ದೆ ಬಿಡೂದಿಲ್ಲ? ‘ಕೆಟ್ಟವರ ಕೈಯಾಗ ಇತ್ತು, ಕೆಟ್ಟದಾಗಿ ಬಳಸಿದ್ರು, ಈಗ ನಮ್ಮ ಕೈಯಾಗ ಐತಿ’ ಅಂತ ಅವರು ಮನಸಾರೆ ನಂಬತಾರ, ಇದು ಕಪಟ ಅಲ್ಲ, ನಂಬಿಕಿ, ಅದಕ್ಕೇ ಹೆಚ್ಚು ಅಪಾಯ. ಮತ್ತ ನಾಯಕರು ಬದಲಿ ಆದ್ರೂ ಪೊಲೀಸ್ ಸ್ಟೇಷನ್, ಗುಪ್ತಚರ ಇಲಾಖೆ, ಸೆಕ್ರೆಟೇರಿಯಟ್ ಎಲ್ಲಾ ಹಳೇವೇ, ಮುಂಜಾನೆ ಎದ್ದು ಹೊಸ ಪ್ರಧಾನಿ ಮುಂದ ಹಳೇ ಫೈಲ್ ತಂದು ಇಡವ್ರು ಅವರೇ, ಇವರು ಡೇಂಜರ್ ಅದಾರ ಸಾಹೇಬ್ರ ಅಂತ. ಭೂಗತ ಇದ್ದು ಹೋರಾಡಿದ ಪಾರ್ಟಿಗೆ ಗುಟ್ಟು, ಶಿಸ್ತು, ಎದುರು ಮಾತಾಡಿದವರ ಮ್ಯಾಲ ಸಂಶಯ ಇವೆಲ್ಲಾ ರೂಢಿ ಆಗಿರ್ತಾವ, ಜೀವ ಉಳಸಿದ ರೂಢಿ ಅವು, ಆದ್ರ ಸರ್ಕಾರ ನಡಸಾಕ ಬಂದಾಗ ಅವೇ ವಿಷ ಆಗತಾವ. ಎಲ್ಲಕ್ಕಿಂತ ದೊಡ್ಡದು ಜನರ ಭಕ್ತಿ. ನಮ್ಮ ಸಲುವಾಗಿ ಒಳಗ ಹೋಗಿದ್ರು ಅನ್ನೂ ಋಣ ಇರ್ತೈತಿ, ಆ ಋಣದಾಗ ಪ್ರಶ್ನೆ ಕೇಳೂದು ಕೃತಘ್ನತನ ಅನಸ್ತೈತಿ.

ಬೆಳಗಾವಿ ಹಿಂಡಲಗಾ ಜೈಲಿನ ಮುಂದ ಮುಲಾಖತ್ ದಿವಸ ಒಮ್ಮೆ ಹೋಗಿ ನೋಡ್ರಿ. ಆಧಾರ್ ಝೆರಾಕ್ಸ್ ಕೈಯಾಗ ಹಿಡಕೊಂಡು, ಬಗಲಾಗ ಕೂಸು, ಚೀಲದಾಗ ಬಾಳಿಹಣ್ಣು ಇಟ್ಕೊಂಡು ಹೆಣ್ಣಮಕ್ಕಳು ನೆರಳು ಹುಡುಕಿ ಕೂತಿರ್ತಾರ, ಅಥಣಿ, ಗೋಕಾಕ, ಸವದತ್ತಿಯಿಂದ ನಸುಕಿನ ಬಸ್ ಹಿಡದು ಬಂದಿರ್ತಾರ. ಭಾರತದ ಜೈಲಿನಾಗ ಇರೂ ಪ್ರತಿ ನಾಕು ಮಂದಿಯೊಳಗ ಸುಮಾರು ಮೂರು ಮಂದಿ ಇನ್ನೂ ಶಿಕ್ಷೆ ಆಗಲಾರದ ವಿಚಾರಣಾಧೀನರು. ಹೆಸರಿದ್ದ ನಾಯಕರು ಜೈಲಿಗೆ ಹೋದ್ರ ಟಿವಿ ಬರ್ತೈತಿ, ವಕೀಲರ ಸಾಲು ಬರ್ತೈತಿ, ಹೊರಗ ಬಂದಾಗ ಜೆಸಿಬಿಯಿಂದ ಹೂವು ಹಾಕ್ತಾರ, ಈಗ ಭ್ರಷ್ಟಾಚಾರದ ಕೇಸಿನಾಗ ಹೋದವರೂ ತಾವು ರಾಜಕೀಯ ಕೈದಿ ಅಂತಾರ. ಒಳಗಿನ ಸ್ಥಿತಿ ಕಣ್ಣಾರೆ ನೋಡಿ ಬಂದ ನಾಯಕರಿಗೆ ಇವರ ಸಲುವಾಗಿ ಮಾತಾಡೂ ಹಕ್ಕೂ ಐತಿ, ಕರ್ತವ್ಯನೂ ಐತಿ. ಯಾರು ಮಾತಾಡಿದ್ರು ಹೇಳ್ರಿ.

ಹಿಂಗಾಗಿ ಅನ್ವರ್ ಮತ್ತ ಫಾಯ್ ಅವರನ್ನ ನಾ ಈ ಕಣ್ಣಿಂದ ನೋಡಾಕತ್ತೇನಿ. ಅನ್ವರ್ ಸರ್ಕಾರ 2023ರಾಗ ಕಡ್ಡಾಯ ಮರಣದಂಡನೆ ತಗದು ಹಾಕಿತು, ಅದು ದೊಡ್ಡ ಹೆಜ್ಜೆ. ಆದ್ರ 1970ರ ದಶಕದಾಗ ಯುವ ನಾಯಕ ಇದ್ದಾಗ ಅವರನ್ನ ಸುಮಾರು ಎರಡು ವರ್ಷ ಒಳಗಿಟ್ಟ ಆಂತರಿಕ ಭದ್ರತಾ ಕಾಯ್ದೆ 2012ರಾಗ ಹೋದ್ರೂ, ಅದರ ಜಾಗಾಕ್ಕ ಬಂದ ಸೊಸ್ಮಾ ಅನ್ನೂ ಭದ್ರತಾ ಕಾಯ್ದೆ ಹಂಗೇ ಐತಿ, ಬ್ರಿಟಿಷರು ಮಾಡಿದ 1948ರ ರಾಜದ್ರೋಹ ಕಾಯ್ದೆ ಹಂಗೇ ಐತಿ, 2024ರ ಆಗಸ್ಟ್‌ನಾಗ ಮಾಜಿ ಪ್ರಧಾನಿ ಮುಹಿಯುದ್ದೀನ್ ಯಾಸಿನ್ ಮ್ಯಾಲ ಅದೇ ಕಾಯ್ದೆ ಕೆಳಗ ಕೇಸ್ ಆತು. ತಿದ್ದುಪಡಿ ಮಾಡ್ತೀವಿ ಅಂತ ಸರ್ಕಾರ ಹೇಳೈತಿ, ಅಲ್ಲಿ ಮುಂದಿನ ಚುನಾವಣೆ 2028ರ ಶುರುವಿನೊಳಗ ಆಗಬೇಕು, ಅಷ್ಟರೊಳಗ ಮಾಡ್ತಾರೋ ಇಲ್ಲೋ ನೋಡೂಣು. ಸೆನೆಗಲ್‌ನಾಗ ಫಾಯ್ ಅವರನ್ನ ಬಿಡಿಸಿದ ಕ್ಷಮಾದಾನ ಕಾನೂನು 2021ರಿಂದ 2024ರ ತನಕದ ಪ್ರತಿಭಟನೆಗೆ ಸಂಬಂಧಪಟ್ಟ ಎಲ್ಲಾದಕ್ಕೂ ಅನ್ವಯ ಆಗೂಹಂಗ 2024ರಾಗ ಬರದಿದ್ರು, ಅಂದ್ರ ಬೀದಿಯೊಳಗ ಸತ್ತ ಹುಡುಗರ ಮ್ಯಾಲ ಗುಂಡು ಹಾರಿಸಿದವರಿಗೂ ಅದೇ ರಕ್ಷಣೆ ಸಿಗೂಹಂಗ ಇತ್ತು. ತಮ್ಮನ್ನ ಹೊರಗ ತಂದ ಕಾನೂನನ್ನೇ ಪ್ರಶ್ನೆ ಮಾಡಬೇಕಾದ ಪರಿಸ್ಥಿತಿ ಅವರದು, ಭಾಳ ಕಠಿಣ.

ಮತ್ತ ಬೆಳಗಾವಿಗೆ ಬಂದ ಆ ಇಬ್ಬರ ಮ್ಯಾಲ, ತಿಲಕರು ಮತ್ತ ಗಾಂಧೀಜಿ ಮ್ಯಾಲ, ಬಿದ್ದಿದ್ದ 124-ಎ? 1922ರಾಗ ಕೋರ್ಟಿನಾಗ ನಿಂತು ಗಾಂಧೀಜಿ ಅದನ್ನ ನಾಗರಿಕರ ಸ್ವಾತಂತ್ರ್ಯ ಅಡಗಸಾಕ ಮಾಡಿದ ಕಲಂಗಳೊಳಗ ರಾಜಕುಮಾರ ಅಂತ ಕರದಿದ್ರು. ಸ್ವಾತಂತ್ರ್ಯ ಬಂದು 75 ವರ್ಷದ ತನಕ ಅದು ಪುಸ್ತಕದಾಗ ಉಳೀತು, 2022ರ ಮೇ ತಿಂಗಳಾಗ ಸುಪ್ರೀಂ ಕೋರ್ಟು ತಡದು ಹಿಡೀತು, 2024ರ ಜುಲೈ 1ಕ್ಕ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು, ಅದರಾಗ ರಾಜದ್ರೋಹ ಅನ್ನೂ ಹೆಸರು ಇಲ್ಲ, 152ನೇ ಕಲಂ ಐತಿ, ದೇಶದ ಸಾರ್ವಭೌಮತೆ, ಏಕತೆಗೆ ಧಕ್ಕೆ ತರೂ ಮಾತು, ಬರಹಕ್ಕ ಜೀವಾವಧಿ ತನಕ ಶಿಕ್ಷೆ. ಇದನ್ನೂ ಸುಪ್ರೀಂ ಕೋರ್ಟಿನಾಗ ಪ್ರಶ್ನೆ ಮಾಡ್ಯಾರ. ಪ್ರತಿ ಡಿಸೆಂಬರ್‌ಕ್ಕ ಸುವರ್ಣ ವಿಧಾನಸೌಧಕ್ಕ ಅಧಿವೇಶನ ಅಂತ ಎಲ್ಲಾ ಪಾರ್ಟಿಯವರು ನಮ್ಮೂರಿಗೆ ಬರ್ತಾರ, ನಮ್ಮವರು ಸ್ವಾತಂತ್ರ್ಯಕ್ಕ ಜೈಲಿಗೆ ಹೋದ್ರು ಅಂತ ಒಬ್ಬರು, ನಾವು ತುರ್ತು ಪರಿಸ್ಥಿತಿಯಾಗ ಹೋದ್ವಿ ಅಂತ ಇನ್ನೊಬ್ಬರು ಭಾಷಣ ಮಾಡ್ತಾರ. ಈ ಸಲ ಮೈಕ್ ಸಿಕ್ಕವರು ಅವರಿಗೆ ಎರಡೇ ಕೇಳ್ರಿ, 44ನೇ ತಿದ್ದುಪಡಿಯ ಆ ಉಳಿದ ಭಾಗಕ್ಕ ನೋಟಿಫಿಕೇಶನ್ ಯಾವಾಗ ಹೊರಡಸ್ರಿ ಅಂತ ನಿಮ್ಮ ಪಾರ್ಟಿ ಕೇಳ್ತೈತಿ, ಮತ್ತ ನಿಮ್ಮ ಸರ್ಕಾರ ಇದ್ದಾಗ ಎನ್‌ಎಸ್‌ಎ, ಗೂಂಡಾ ಕಾಯ್ದೆ ಕೆಳಗ ವಿಚಾರಣಾ ಇಲ್ಲದ ಎಷ್ಟು ಮಂದಿನ್ನ ಒಳಗಿಟ್ರಿ.